ರಾಮಕಥೆಯ ಹಲವು ರೂಪಗಳು ಮತ್ತು ನಮ್ಮ ಸಹನೆ

2011ರ ಅಕ್ಟೋಬರ್ 9ರಂದು ದೆಹಲಿ ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತು, ಮೈಸೂರಿನಲ್ಲಿ ಜನಿಸಿದ ವಿದ್ವಾಂಸ ಎ. ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಎಂಬ ಆಂಗ್ಲ ಪ್ರಬಂಧವನ್ನು ಇತಿಹಾಸ ಪದವಿಯ ಪಠ್ಯದಿಂದ ಕೈಬಿಟ್ಟಿತು. ಅದಕ್ಕೂ ಮೊದಲು, 2008ರ ಫೆಬ್ರವರಿಯಲ್ಲಿ, ವಿದ್ಯಾರ್ಥಿ ಸಂಘಟನೆಯೊಂದರ ಕಾರ್ಯಕರ್ತರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ನಡೆಸಿದ್ದರು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ನಾಲ್ವರು ತಜ್ಞರ ಸಮಿತಿ ಏರ್ಪಟ್ಟಿತು. ಅವರಲ್ಲಿ ಮೂವರಿಗೆ ಪ್ರಬಂಧದಲ್ಲಿ ದೋಷ ಕಾಣಲಿಲ್ಲ. ಆದರೂ ಪಾಠ ಹೋಯಿತು.

ಇದು ಹಿಂದೂ ಸಮಾಜದ ಮನೆಯೊಳಗಿನ ಜಗಳ, ನಮಗೇಕೆ ಎಂದು ನಮ್ಮವರನೇಕರು ಭಾವಿಸಿದಂತಿದೆ. ಆದರೆ ಆ ಪ್ರಬಂಧದಲ್ಲಿ ವಾಲ್ಮೀಕಿ, ಕಂಬರ ಪಕ್ಕದಲ್ಲಿಯೇ ವಿಮಲಸೂರಿಗಳ ‘ಪಉಮಚರಿಯ’ಕ್ಕೂ ಸ್ಥಾನವಿತ್ತು. ಆ ಪ್ರಾಕೃತ ಕಾವ್ಯದ ಆರಂಭವನ್ನು ವಾಚಕರು ನೆನಪಿಸಿಕೊಳ್ಳಬೇಕು. ಶ್ರೇಣಿಕ ಮಹಾರಾಜನಿಗೆ ಸಂದೇಹಗಳು ಮೂಡುತ್ತವೆ: ಬಲಶಾಲಿಗಳಾದ ರಾಕ್ಷಸರನ್ನು ಕೋತಿಗಳು ಗೆದ್ದುದು ಹೇಗೆ? ಕುಂಭಕರ್ಣನು ಆರು ತಿಂಗಳು ನಿದ್ರಿಸಿದನೆಂಬುದು ನಂಬತಕ್ಕ ಮಾತೇ? ಗೌತಮ ಗಣಧರರು ಉತ್ತರವಾಗಿ ಬೇರೊಂದು ಕಥೆಯನ್ನೇ ಹೇಳುತ್ತಾರೆ. ಅಲ್ಲಿ ವಾನರರು ಕಪಿಧ್ವಜವುಳ್ಳ ವಿದ್ಯಾಧರರು. ರಾವಣನ ಹೆಚ್ಚಿನ ಒಂಬತ್ತು ಮುಖಗಳು ಕೊರಳ ಹಾರದ ರತ್ನಗಳಲ್ಲಿ ಮೂಡಿದ ಪ್ರತಿಬಿಂಬಗಳು. ಅವನನ್ನು ಕೊಲ್ಲುವವನು ಲಕ್ಷ್ಮಣ. ನಮ್ಮ ನಾಗಚಂದ್ರನಂತೂ ರಾವಣನಿಗೆ ಪಶ್ಚಾತ್ತಾಪದ ಹಿರಿಮೆಯನ್ನು ಕೊಟ್ಟ. ಆ ಕಾವ್ಯವನ್ನು ಕನ್ನಡ ನಾಡು ‘ಪಂಪ ರಾಮಾಯಣ’ವೆಂದು ಇಂದಿಗೂ ಆದರದಿಂದ ಓದುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕದಲ್ಲಿ ಜಮೆ ಮಾತ್ರ ಬರೆದಂತಾದೀತು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ಓದಿದವರು ಬಲ್ಲರು: ಅನ್ಯಮತದ ದೇವತೆಗಳನ್ನು ಆತ ಹಳಿದಿರುವ ಪರಿ ಕಠೋರವಾದುದು, ಕೆಲವೆಡೆ ನನಗೆ ಓದಲು ಸಂಕೋಚವೇ ಆಯಿತು. ಅಮಿತಗತಿಯ ‘ಧರ್ಮಪರೀಕ್ಷೆ’ ಇನ್ನೂ ಚತುರ. ಅದನ್ನೇ ಮುಂದೆ ವೃತ್ತವಿಲಾಸನು ಕನ್ನಡಕ್ಕೆ ತಂದ. ಅಲ್ಲಿ ಮನೋವೇಗನು ಬ್ರಾಹ್ಮಣರ ಸಭೆಯಲ್ಲಿ ಅಸಂಬದ್ಧ ಕಥೆಗಳನ್ನು ಹೇಳಿ, ಅವರು ನಂಬದಿದ್ದಾಗ, ‘ನಿಮ್ಮ ಪುರಾಣಗಳಲ್ಲಿಯೂ ಇಂಥವೇ ಇವೆಯಲ್ಲ’ ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಸಭೆಯವರು ಕೊನೆಯವರೆಗೆ ಕೇಳುತ್ತಾರೆ, ಬಡಿಗೆ ಎತ್ತುವುದಿಲ್ಲ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ವಿಧಿಯಂಥದು ಆಗ ಇದ್ದಿದ್ದರೆ ನಮ್ಮ ಈ ಕವಿಗಳು ಕಟಕಟೆ ಹತ್ತಬೇಕಾಗುತ್ತಿತ್ತೇನೋ!

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯೊಂದರಲ್ಲಿ, ದಿಗಂಬರ ಮುನಿಗಳನ್ನು ಹಾಸ್ಯ ಮಾಡಿದ ಬರಹವೊಂದರ ವಿರುದ್ಧ ಪೊಲೀಸರಿಗೆ ದೂರು ಸಲ್ಲಿಸಬೇಕೆಂಬ ನಿರ್ಣಯವಾಯಿತು. ಬರಹ ಕೀಳಾಗಿಯೇ ಇತ್ತು, ನನಗೂ ನೋವಾಗಿತ್ತು. ನಾನೂ ಸಹಿ ಮಾಡಿದೆ. ಆ ರಾತ್ರಿ ಯಾವುದೋ ಪದ್ಯದ ಅರ್ಥಕ್ಕಾಗಿ ‘ಸಮಯಪರೀಕ್ಷೆ’ಯನ್ನು ತೆರೆದವನು ಬಹಳ ಹೊತ್ತು ಪುಟ ತಿರುವದೆ ಕುಳಿತೆ. ಅನೇಕಾಂತವನ್ನು ಪ್ರತಿ ಪರ್ಯುಷಣದಲ್ಲಿಯೂ ಉಪನ್ಯಾಸದ ವಿಷಯವಾಗಿ ಕೇಳಿದ್ದೇನೆ, ಒಮ್ಮೆ ಹೇಳಿಯೂ ಇದ್ದೇನೆ. ಸಹಿ ಮಾಡುವಾಗ ಅದು ನೆನಪಿಗೆ ಬಂದಿರಲಿಲ್ಲ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಕಾರ್ಯದರ್ಶಿಗಳ ಮನೆಗೆ ಹೋಗಿ ನನ್ನ ಹೆಸರನ್ನು ಹೊಡೆದುಹಾಕಿಸಿದೆ. ಬರಹಕ್ಕೆ ಉತ್ತರ ಬರೆಯುವುದಾದರೆ ನಾನು ಬರೆದುಕೊಡುತ್ತೇನೆ ಎಂದೆ. ಅವರು ಪತ್ರವನ್ನು ಮಡಚಿ ಒಳಗಿಟ್ಟರು, ಕುಳಿತುಕೊಳ್ಳಿ ಎನ್ನಲಿಲ್ಲ.