ಸ್ಪೀಕರ್ ಅಂಚಿನ ಕಪ್ಪು ಅಂಟು

ಪಿಯುಸಿ ಓದುವಾಗ ನಾನೊಂದು ತಪ್ಪು ಮಾಡಿದ್ದೆ. ಶ್ರಾವಣ ಬರುವ ಮುಂಚೆ ನಮ್ಮೂರ ಭಜನಾ ಮಂಡಳಿಯ ಸೌಂಡ್ ಬಾಕ್ಸ್ ಒರೆಸಿಡುವ ಕೆಲಸ ಹುಡುಗರ ಪಾಲಿಗೆ ಬಂದಿತ್ತು. ಮುಂದಿನ ಜಾಳಿಗೆ ಬಿಚ್ಚಿದರೆ ಒಳಗೆ ಹನ್ನೆರಡು ಇಂಚಿನ ಸ್ಪೀಕರ್. ಅದರ ಕಾಗದದ ಸುತ್ತ ಮಡಿಕೆ ಮಡಿಕೆಯಾದ ಬಟ್ಟೆಯ ಅಂಚು, ಅಂಚಿನ ತುಂಬ ಕಪ್ಪನೆಯ ಅಂಟು. ಮುಟ್ಟಿದರೆ ಜಿಗಿಜಿಗಿ. ಧೂಳು, ಊದಿನಕಡ್ಡಿ ಬೂದಿ, ಸತ್ತ ಸೊಳ್ಳೆ ಎಲ್ಲ ಅದಕ್ಕೇ ಮೆತ್ತಿಕೊಂಡಿದ್ದವು. ಯಾರೋ ಗ್ರೀಸ್ ಬಳಿದು ಬಿಟ್ಟಿದ್ದಾರೆ ಅಂದುಕೊಂಡೆ. ಕಿಟಕಿಯ ಪೇಂಟಿಗೆ ತಂದಿದ್ದ ಥಿನ್ನರ್ ಇತ್ತು. ಬಟ್ಟೆಗೆ ಹಾಕಿಕೊಂಡು ಅರ್ಧ ತಾಸು ಉಜ್ಜಿ ಉಜ್ಜಿ ತೆಗೆದೆ.

ಸಂಜೆ ಭಜನೆ ಶುರುವಾಯಿತು. ಹಾಡುವವರ ದನಿ ಏರಿದಾಗಲೆಲ್ಲ ಬಾಕ್ಸಿನಿಂದ ಜರ್ ಜರ್ ಸದ್ದು. ನಾಲ್ಕು ದಿನದಲ್ಲಿ ಅಂಚು ಕಿತ್ತುಬಂತು. ತಾಲ್ಲೂಕಿನ ಮೈಕ್‌ಸೆಟ್ ರಿಪೇರಿಯವರ ಹತ್ತಿರ ಒಯ್ದಾಗ ಅವರು ಹೇಳಿದ್ದು ಇಷ್ಟೇ: “ಹೊಲಸಲ್ಲೋ ತಮ್ಮಾ ಅದು, ಔಷಧ. ಅದನ್ನ ಯಾಕ ತೆಗದಿ?” ಮಂಡಳಿಯವರು ಮನೆಮನೆಯಿಂದ ಎತ್ತಿದ ಪಟ್ಟಿ ಹಣದಲ್ಲಿ ಹೊಸ ಕೋನ್ ಹಾಕಿಸಬೇಕಾಯಿತು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆ ಔಷಧ ಎಲ್ಲಿಂದ ಬಂತು, ಯಾರು ಕಂಡುಹಿಡಿದರು ಎಂದು ಅಂದಿನಿಂದ ಸಿಕ್ಕಲ್ಲಿ ಓದುತ್ತಾ ಬಂದಿದ್ದೇನೆ.

ಮೊದಲು ರೋಗ ಏನು ಅಂತ ನೋಡೋಣ. ಸ್ಪೀಕರಿನ ಹಿಂದೆ ಆಯಸ್ಕಾಂತ, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನ್. ಕರೆಂಟು ಬಂದ ಹಾಗೆ ಸುರುಳಿ ಕೋನನ್ನು ಹಿಂದೆ ಮುಂದೆ ತಳ್ಳುತ್ತದೆ. ದಪ್ಪ ದನಿಗೆ ಇಡೀ ಕೋನ್ ಒಂದೇ ತುಂಡಿನಂತೆ ಅಲ್ಲಾಡುತ್ತದೆ. ದನಿ ಏರುತ್ತಾ ಹೋದರೆ ಹಾಗಾಗುವುದಿಲ್ಲ, ಕೋನೇ ಬಾಗತೊಡಗುತ್ತದೆ. ನಡುವಿನಿಂದ ಹೊರಟ ಅಲೆ ಅಂಚಿಗೆ ಹೋಗಿ ಬಡಿದು ವಾಪಸು ಬರುತ್ತದೆ. ಕಲ್ಲು ಕಟ್ಟಿದ ಹೊಂಡಕ್ಕೆ ಹರಳು ಎಸೆದು ನೋಡಿ, ಗೋಡೆಗೆ ಬಡಿದ ಅಲೆ ತಿರುಗಿ ಬಂದು ಹೊಸ ಅಲೆಯ ಜೊತೆ ಗುದ್ದಾಡುತ್ತದೆ. ಅದೇ ಕೆರೆಯ ಅಂಚಿನಲ್ಲಿ ಜೊಂಡು ಬೆಳೆದಿದ್ದರೆ ಅಲೆ ಅಲ್ಲೇ ಸಾಯುತ್ತದೆ. ನಾನು ಉಜ್ಜಿ ತೆಗೆದದ್ದು ಆ ಜೊಂಡನ್ನು. ಆ ಅಂಟು ಯಾವತ್ತೂ ಪೂರ್ತಿ ಒಣಗಬಾರದು, ಒಣಗಿದರೆ ಕೆಲಸ ಮಾಡುವುದಿಲ್ಲ. ಜೊತೆಗೆ ಬಟ್ಟೆಯ ಸಣ್ಣ ತೂತುಗಳನ್ನು ಮುಚ್ಚಿ ಗಾಳಿ ಸೋರದಂತೆಯೂ ನೋಡಿಕೊಳ್ಳುತ್ತದೆ.

ಆಯಸ್ಕಾಂತದಲ್ಲಿ ಅಲ್ಲಾಡುವ ಸುರುಳಿಗೆ ಜರ್ಮನಿಯ ಅರ್ನ್ಸ್ಟ್ ಸೀಮೆನ್ಸ್ ಪೇಟೆಂಟ್ ಪಡೆದದ್ದು 1874ರಲ್ಲಿ. ಆಗ ಟೆಲಿಫೋನೇ ಬಂದಿರಲಿಲ್ಲ. ಬಾಯಿ ಇತ್ತು, ಆಡಿಸಲು ಮಾತಿರಲಿಲ್ಲ. ಇವತ್ತು ನಮ್ಮ ಊರೂರಲ್ಲಿ ಇರುವ ಕಾಗದದ ಕೋನಿನ ಸ್ಪೀಕರಿಗೆ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ರೇಡಿಯೋ ಅಂದರೆ ಹೆಚ್ಚಾಗಿ ತುತ್ತೂರಿಯಿಂದಲೇ ಕೇಳಬೇಕಿತ್ತು.

ಕಾಗದವನ್ನು ಬಡ ವಸ್ತು ಅಂತ ತಿಳಿಯಬೇಡಿ. ಹಗುರ, ಸಾಕಷ್ಟು ಗಟ್ಟಿ, ಮೇಲಾಗಿ ಒಳಗಿನ ನಾರುಗಳು ಒಂದಕ್ಕೊಂದು ತಿಕ್ಕಿ ಅಲೆಯನ್ನು ಸ್ವಲ್ಪ ತಾವೇ ನುಂಗುತ್ತವೆ. ಅದರ ಕೆಟ್ಟ ಗುಣ ಬೇರೆ. ತಮಟೆ ಬಾರಿಸುವವರು ನಡುನಡುವೆ ಬೆಂಕಿಗೆ ಹಿಡಿಯುವುದನ್ನು ನೋಡಿದ್ದೀರಲ್ಲ? ತೇವ ಕುಡಿದ ಚರ್ಮ ಸಡಿಲವಾಗಿ ನಾದ ಬದಲಾಗುತ್ತದೆ. ಕಾಗದಕ್ಕೂ ಅದೇ ಚಾಳಿ. ಒಂದು ಕಂತಿನ ತಿರುಳಿನಿಂದ ಮಾಡಿದ ಕೋನಿಗೂ ಇನ್ನೊಂದು ಕಂತಿನದಕ್ಕೂ ದನಿ ಪೂರ್ತಿ ಹೊಂದುವುದಿಲ್ಲ.

ಇದು ದೊಡ್ಡ ತಲೆನೋವಾದದ್ದು ಬ್ರಿಟನ್ನಿನ ಬಿಬಿಸಿಗೆ. ಬಿಬಿಸಿ ಅಂದರೆ ನಮ್ಮ ಹಿರಿಯರಿಗೆ ಶಾರ್ಟ್‌ವೇವ್ ರೇಡಿಯೋದ ನೆನಪು. ಅವರಲ್ಲಿ ಸಂಶೋಧನೆಯ ವಿಭಾಗವೇ ಬೇರೆ ಇತ್ತು. ಶಾರ್ಟರ್, ಹಾರ್‌ವುಡ್, ಸ್ಪೆನ್ಸರ್ ಹ್ಯೂಸ್ ಮುಂತಾದವರು ಅಲ್ಲಿ ಸ್ಪೀಕರ್ ಕೆಲಸ ಮಾಡುತ್ತಿದ್ದರು. ಅವರ ಪರೀಕ್ಷೆ ನನಗೆ ಬಹಳ ಇಷ್ಟ. ಸ್ಟುಡಿಯೋದಲ್ಲಿ ಮನುಷ್ಯ ಮಾತಾಡುವುದನ್ನು ಎದುರಿಗೇ ಕೇಳಬೇಕು, ಪಕ್ಕದ ಕೋಣೆಗೆ ಬಂದು ಅದೇ ಮಾತನ್ನು ಸ್ಪೀಕರಿನಲ್ಲಿ ಕೇಳಬೇಕು. ಯಂತ್ರದ ಅಳತೆ ಏನೇ ಹೇಳಲಿ, ಎರಡೂ ಒಬ್ಬರದೇ ಗಂಟಲು ಅನ್ನಿಸಬೇಕು. ಮನುಷ್ಯರ ದನಿಯನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತೇವೆ, ಅದರಲ್ಲಿ ನಮಗೆ ಮೋಸ ಮಾಡುವುದು ಕಷ್ಟ.

1960ರ ದಶಕದಲ್ಲಿ ಅವರು ಕಾಗದ ಬಿಟ್ಟು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿಗೆ ಬಂದರು. ಪಾಲಿಸ್ಟೈರೀನ್ ಜಾತಿಯದು. ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸಿದರೆ ಕೋನ್ ಸಿದ್ಧ. ನೀರು ಕುಡಿಯುವುದಿಲ್ಲ, ನೂರು ಮಾಡಿದರೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಬರಿ ಬೆಕ್ಸ್‌ಟ್ರೀನಿಗೆ ತನ್ನದೇ ಒಂದು ದನಿ ಇತ್ತು. ಮಾತಿನ ನಡುವೆ ಮೂಗಿನ ಸ್ವರ ಸೇರಿಸುತ್ತಿತ್ತು. ಇಂಗ್ಲಿಷಿನವರು ಅದನ್ನು ಬಾತುಕೋಳಿಯ ಕ್ವ್ಯಾಕ್‌ಗೆ ಹೋಲಿಸಿದರು.

ಮದ್ದು ಬಂದದ್ದು ಕುಂಚದಿಂದ. ಪ್ಲಾಸ್ಟಿಫ್ಲೆಕ್ಸ್ ಎಂಬ, ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗಿರುವ ಲೇಪವನ್ನು ಕೋನಿನ ಮೇಲೆ ಬಳಿದರು. ಇದು ಪಾಲಿವಿನೈಲ್ ಅಸಿಟೇಟ್ ಜಾತಿಯದು. ನಮ್ಮ ಬಡಗಿಗಳ ಬಿಳಿ ಅಂಟೂ ಅದೇ ಕುಲ, ಆದರೆ ಅದು ಒಣಗಿ ಗಟ್ಟಿಯಾಗುತ್ತದೆ. ಲೇಪ ಬಿದ್ದ ಮೇಲೆ ಪ್ಲಾಸ್ಟಿಕ್ಕಿನ ಸ್ವಂತ ದನಿ ಅಡಗಿತು.

ಈ ಪಾಠದ ಪ್ರಸಿದ್ಧ ಫಲ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೂರಲೆಂದು 1970ರ ದಶಕದಲ್ಲಿ ಮಾಡಿದ್ದು. ಅದರ ಬೀಜ ಇದ್ದದ್ದು ಇನ್ನೊಂದು ವಿಚಿತ್ರ ಪ್ರಯೋಗದಲ್ಲಿ. ಹೊಸ ಸ್ಟುಡಿಯೋ ಕಟ್ಟುವ ಮೊದಲು ಅದರ ಎಂಟನೇ ಒಂದು ಅಳತೆಯ ಬೊಂಬೆಮನೆಯಂಥ ಮಾದರಿ ಕಟ್ಟಿ, ಅದರೊಳಗೆ ಸಂಗೀತವನ್ನು ಎಂಟು ಪಟ್ಟು ವೇಗದಲ್ಲಿ ನುಡಿಸಿ ಕೇಳುತ್ತಿದ್ದರು! ಆ ಕೆಲಸಕ್ಕೆ ಬೇಕಾದ ಪುಟ್ಟ ಸ್ಪೀಕರೇ ಮುಂದೆ ಇದಕ್ಕೆ ದಾರಿಯಾಯಿತು. ಅದರಲ್ಲಿದ್ದದ್ದು ಕೆಇಎಫ್ ಕಂಪನಿಯ ಬಿ110 ಎಂಬ, ಲೇಪ ಬಳಿದ ಬೆಕ್ಸ್‌ಟ್ರೀನ್ ಕೋನು.

ಬೆಲೆಯನ್ನೂ ಹೇಳಬೇಕು, ದುಡ್ಡಿನ ಬೆಲೆಯಲ್ಲ. ಲೇಪ ಅಂದರೆ ತೂಕ. ಅಲ್ಲಾಡುವ ಭಾಗದ ತೂಕ ದುಪ್ಪಟ್ಟಾದರೆ ಅಷ್ಟೇ ಸದ್ದು ಬರಲು ನಾಲ್ಕು ಪಟ್ಟು ಪವರ್ ಬೇಕು. ಎಲ್‌ಎಸ್3/5ಎ ಆ ಕಾರಣಕ್ಕೂ ಸಣ್ಣ ದನಿಯ ಡಬ್ಬಿ. ನಮ್ಮ ಜಾತ್ರೆಗೆ ತಂದಿಟ್ಟರೆ ಬೆಂಡು ಬತ್ತಾಸಿನ ಅಂಗಡಿಯವರೆಗೂ ಕೇಳಿಸದು. ಸ್ಪಷ್ಟತೆ ಬೇಕಾದವರು ಅಬ್ಬರ ಬಿಟ್ಟುಕೊಡಬೇಕು. ಈ ಚೌಕಾಸಿ ಇಡೀ ಲೇಪದ ಚರಿತ್ರೆಯ ಉದ್ದಕ್ಕೂ ನಡೆದಿದೆ.

ಇಲ್ಲಿ ನಮ್ಮ ಮೃದಂಗ ನೆನಪಾಗದೆ ಇರದು. ಬಲಗಡೆಯ ಕಪ್ಪು ಕರಣೆಯೂ ಲೇಪವೇ. ಅನ್ನ ಮತ್ತು ಕಿಟ್ಟದ ಕಲ್ಲಿನ ಪುಡಿ ಅರೆದು ಪದರ ಪದರವಾಗಿ ಹಚ್ಚಿ ಉಜ್ಜುತ್ತಾರೆ. ಬರಿ ಚರ್ಮದ ಕಂಪನಗಳು ಒಂದಕ್ಕೊಂದು ಶ್ರುತಿ ಸೇರುವುದಿಲ್ಲ. ನಡುವೆ ತೂಕ ಬಿದ್ದಾಗ ಅವು ಸಾಲಾಗಿ ಶ್ರುತಿಗೆ ಬರುತ್ತವೆ. ಸಿ.ವಿ. ರಾಮನ್ 1920ರಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದು ಮರುವರ್ಷ ವಿಜ್ಞಾನ ಅಕಾಡೆಮಿ ಕಟ್ಟಿದಾಗ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತದ ಚರ್ಮವಾದ್ಯಗಳ ಬಗ್ಗೆ ವಿವರವಾಗಿ ಬರೆದರು. ವ್ಯತ್ಯಾಸ ಇಷ್ಟು: ಮೃದಂಗದಲ್ಲಿ ಲೇಪ ಹಚ್ಚುವುದು ಅದಕ್ಕೆ ಸ್ವಂತ ದನಿ ಕೊಡಲು. ಸ್ಪೀಕರಿನಲ್ಲಿ ಹಚ್ಚುವುದು ಅದರ ಸ್ವಂತ ದನಿ ತೆಗೆಯಲು. ಕರಣೆ ಹಾಕುವ ಕುಶಲಿಗಳ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಹಾರ್‌ವುಡ್ ಅವರು ಪಾಲಿಪ್ರೊಪಿಲೀನ್ ಕಡೆ ಹೊರಳಿದರು. ಅದು ತಾನೇ ಅಲೆ ನುಂಗುವ ಪ್ಲಾಸ್ಟಿಕ್, ಮೇಲೆ ಬಳಿಯುವ ಕೆಲಸವೇ ಇಲ್ಲ. 1977ರಲ್ಲಿ ಹಾರ್ಬೆತ್ ಕಂಪನಿ ಶುರುಮಾಡಿದರು. ಲೇಪ ಮಾತ್ರ ಸಾಯಲಿಲ್ಲ. ಟ್ವೀಟರಿನ ರೇಷ್ಮೆ ಗುಮ್ಮಟದ ಮೇಲೆ, ಮೈಕ್‌ಸೆಟ್ಟಿನ ಸ್ಪೀಕರ್ ಅಂಚಿನಲ್ಲಿ ಇವತ್ತೂ ಇದೆ.

ಹವ್ಯಾಸಿಗಳ ಲೋಕ ಬೇರೆಯೇ. ಪಿಟೀಲಿಗೆ ಹಚ್ಚುವಂಥ ಮೆರುಗೆಣ್ಣೆ ಹಚ್ಚುವವರಿದ್ದಾರೆ. ಎನೇಬಲ್ ಎಂಬ ಪದ್ಧತಿಯವರು ಕೋನಿನ ಸುತ್ತ ರಂಗೋಲಿಯಂತೆ ಪುಟ್ಟ ಪುಟ್ಟ ಬಣ್ಣದ ಚೌಕಗಳನ್ನು ಸಾಲಾಗಿ ಇಡುತ್ತಾರೆ. ಕಿವಿಗೆ ಗೊತ್ತಾಗುತ್ತದೆ ಅನ್ನುವವರಿಗೂ ಅಳತೆಯಲ್ಲಿ ತೋರಿಸಿ ಅನ್ನುವವರಿಗೂ ಜಗಳ ನಿಂತಿಲ್ಲ. ನಾನು ಎರಡನೆಯವರ ಪಕ್ಷ. ಕೋನಿಗೆ ಬ್ಲೇಡ್ ಹಾಕಿ ಗೆದ್ದವರೂ ಉಂಟು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕೋನನ್ನು ಸೀಳಿ ಪಡೆದ ಕರ್ಕಶ ಗಿಟಾರ್ ದನಿ ಲೋಕವೆಲ್ಲ ಕೇಳಿತು.

ಹೋದ ಕಾರ್ತಿಕದಲ್ಲಿ ಅದೇ ರಿಪೇರಿ ಅಂಗಡಿಗೆ ಹೋಗಿದ್ದೆ. ಈಗ ಮಗ ಕೂರುತ್ತಾರೆ. ಡಿಜೆ ಹುಡುಗನೊಬ್ಬ ಹದಿನೈದು ಇಂಚಿನ ಸ್ಪೀಕರ್ ತಂದಿದ್ದ. ಮಳೆಗೆ ಹಾಳಾಗಬಾರದೆಂದು ಕೋನಿಗೂ ಅಂಚಿಗೂ ಎರಡು ಕೋಟ್ ಕಪ್ಪು ಆಯಿಲ್ ಪೇಂಟ್ ಬಳಿದಿದ್ದನಂತೆ. ಬಟ್ಟೆಯ ಅಂಚು ಗಟ್ಟಿಯಾಗಿ ಹಪ್ಪಳದಂತೆ ಬಿರುಕು ಬಿಟ್ಟಿತ್ತು.

“ಥಿನ್ನರ್ ಹಾಕಿ ತೆಗೀಲಿಕ್ಕೆ ಬರಂಗಿಲ್ಲೇನ್ರಿ ಅಣ್ಣಾ?” ಅಂದ.

ಅವರು ನನ್ನ ಮುಖ ನೋಡಿ ನಕ್ಕರು. ಅಪ್ಪ ಆ ಕಥೆ ಅವರಿಗೂ ಹೇಳಿದ್ದರು ಅನ್ನಿಸುತ್ತದೆ. ಆಮೇಲೆ ಬ್ಲೇಡ್ ತೆಗೆದುಕೊಂಡು ಕೋನನ್ನು ಸುತ್ತಲೂ ಕೊಯ್ಯತೊಡಗಿದರು. ಆಯಸ್ಕಾಂತ ಚೆನ್ನಾಗೇ ಇತ್ತು.