ಜಾನುವೇದನಾ ಪ್ರಶ್ನಾವಳಿಯ ಭಾಷಾಂತರ ವಿಚಾರ

ಸಂಸ್ಕೃತದ ‘ಜಾನು’ ಶಬ್ದವೂ ಪಾರಸಿಯ ‘ಜಾನೂ’ ಶಬ್ದವೂ ಒಂದೇ ಮೂಲದ ಸೋದರ ಶಬ್ದಗಳೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ; ಎರಡಕ್ಕೂ ಮೊಣಕಾಲೆಂದೇ ಅರ್ಥ. ನೋವಿಗೆ ಪಾರಸಿಯಲ್ಲಿ ‘ದರ್ದ್’ ಎನ್ನುವರು. ಈ ಶಬ್ದವು ಕನ್ನಡಕ್ಕೂ ಬಂದು ‘ದರ್ದು’ ಎಂದಾಯಿತು. ಆದರೆ ‘ನಿನಗೇನು ದರ್ದು’ ಎನ್ನುವ ಕನ್ನಡಿಗನು ವೇದನೆಯನ್ನು ವಿಚಾರಿಸುವುದಿಲ್ಲ, ಜರೂರನ್ನು ವಿಚಾರಿಸುವನು. ಶಬ್ದವು ಗಡಿ ದಾಟಿದ ಮಾತ್ರಕ್ಕೆ ಅರ್ಥವೂ ದಾಟಿತೆಂದು ತಿಳಿಯಲಾಗದು. ನೋವನ್ನು ಅಂಕಿಗಳಿಂದ ಅಳೆಯುವ ಪ್ರಶ್ನಾವಳಿಗಳು ಭಾಷೆಯಿಂದ ಭಾಷೆಗೆ ಸಾಗಿದ ಚರಿತ್ರೆಯಲ್ಲಿ ಮುಖ್ಯವಾದ ತೊಡಕು ಇದೇ.

ನೆಗೆದಾಟದ ಕ್ರೀಡೆಗಳಲ್ಲಿ ತೊಡಗಿದವರಿಗೆ ಮಂಡಿಚಿಪ್ಪಿನ ಕೆಳಗಿನ ಕಂಡರದಲ್ಲಿ ಬಾಧೆಯುಂಟಾಗುವುದು. 1973ರಲ್ಲಿ ಅಮೆರಿಕದ ಬ್ಲಾಜಿನಾ ಮೊದಲಾದ ವೈದ್ಯರು ಅದನ್ನು ‘ನೆಗೆಯುವವನ ಮೊಣಕಾಲು’ ಎಂದು ವರ್ಣಿಸಿದರು. 1998ರಲ್ಲಿ ಆಸ್ಟ್ರೇಲಿಯಾದ ವಿಸೆಂಟಿನಿ ಮೊದಲಾದವರು ಅದರ ತೀವ್ರತೆಯನ್ನಳೆಯಲು ‘ವೀಸಾ-ಪಿ’ ಎಂಬ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಪ್ರಶ್ನೆಗಳು 8, ಪೂರ್ಣಾಂಕ 100. ಬಾಧೆ ಹೆಚ್ಚಿದಂತೆ ಅಂಕವು ಇಳಿಯುವುದು. ನೋವಿಲ್ಲದೆ ಎಷ್ಟು ಹೊತ್ತು ಕುಳಿತಿರಬಹುದು, ಮೆಟ್ಟಿಲಿಳಿಯುವಾಗ ನೋವುಂಟೆ, ಒಂಟಿಕಾಲಿನಲ್ಲಿ 10 ಸಲ ಕುಪ್ಪಳಿಸಿದರೆ ಹೇಗೆ, ಎಂದು ಅದು ಕೇಳುವುದು. ಅಭ್ಯಾಸದ ಅವಧಿಯನ್ನು ಕುರಿತ ಕೊನೆಯ ಪ್ರಶ್ನೆಯೊಂದಕ್ಕೇ 30 ಅಂಕಗಳು. 2004ರಲ್ಲಿ ಇದು ಸ್ವೀಡಿಷ್ ಭಾಷೆಗೂ 2008ರಲ್ಲಿ ಇಟಾಲಿಯನ್ ಭಾಷೆಗೂ ಬಂದಿತು. ಅನಂತರ ಪಾರಸಿಯನ್ನಾಡುವ ಕ್ರೀಡಾಪಟುಗಳಿಗೂ ಅಳವಟ್ಟಿತು.

ಇಂತಹ ಭಾಷಾಂತರಕ್ಕೆ ಬೀಟನ್ ಮೊದಲಾದವರು 2000ದಲ್ಲಿ ಒಂದು ಕ್ರಮವನ್ನು ವಿಧಿಸಿದರು. ಇಬ್ಬರು ಪ್ರತ್ಯೇಕವಾಗಿ ಅನುವಾದಿಸಬೇಕು. ಎರಡನ್ನೂ ಕೂಡಿಸಿದ ಪಾಠವನ್ನು ಮೂಲವನ್ನರಿಯದವರು ಮರಳಿ ಮೂಲಭಾಷೆಗೆ ತಿರುಗಿಸಬೇಕು. ತಜ್ಞರ ಮಂಡಲಿ ಪರಿಶೀಲಿಸಬೇಕು. ಬಳಿಕ 30-40 ಮಂದಿಯಲ್ಲಿ ಪ್ರಯೋಗಿಸಿ ನೋಡಬೇಕು. ಪಾಠಾಂತರಗಳನ್ನು ತಾಳೆನೋಡಿ ಗ್ರಂಥ ಸಂಪಾದಿಸುವವರಿಗೆ ಈ ಪರಿಶ್ರಮವು ಅಪರಿಚಿತವಲ್ಲ.

ಕನ್ನಡಕ್ಕೂ ಇಂತಹ ಕಾರ್ಯವು ಹೊಸದಲ್ಲ. 1905ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಬಿನೆಯ ಬುದ್ಧಿಮಾಪನವನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಲೇಖನವನ್ನೂ 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಪರದೇಶದ ಅಳತೆಗೋಲನ್ನು ಇಲ್ಲಿಯ ಮಕ್ಕಳ ಮೇಲೆಯೇ ಪರೀಕ್ಷಿಸಿದ ಆ ವಿವೇಕವು ಶ್ಲಾಘ್ಯವಾದುದು.

ಜಾನುವೇದನೆಯ ವಿಷಯದಲ್ಲಿ ಮೊದಲ ಎಡವಟ್ಟು ಪರಿಭಾಷೆಯದೇ. ಸುಶ್ರುತನು ಪೇಶಿಗಳು 500, ಸ್ನಾಯುಗಳು 900, ಕಂಡರಗಳು 16 ಎಂದು ಬೇರೆಬೇರೆಯಾಗಿ ಎಣಿಸಿರುವನು. ಇಂದಿನ ಶಾಲಾಪುಸ್ತಕಗಳಲ್ಲಾದರೋ ‘ಸ್ನಾಯು’ವೆಂದರೆ ಮಾಂಸಖಂಡವೇ ಆಗಿಹೋಗಿದೆ. ಜನರ ಬಾಯಲ್ಲಿ ‘ನರ’ವೆಂಬ ಒಂದೇ ಮಾತು ರಕ್ತನಾಳಕ್ಕೂ ಕಂಡರಕ್ಕೂ ಸಲ್ಲುವುದು. ‘ಸ್ನಾಯುನೋವು’ ಎಂದು ಬರೆದರೆ ಪಂಡಿತನಿಗೊಂದು, ವಿದ್ಯಾರ್ಥಿಗೊಂದು, ಒಕ್ಕಲಿಗೊಂದು ಅರ್ಥ ತೋರುವುದು. ಬೆರಳಿನಿಂದ ಆ ಸ್ಥಾನವನ್ನು ತೋರಿಸಿ ಕೇಳುವುದೇ ಲೇಸು.

ಎರಡನೆಯ ತೊಡಕು ಸಾದಲಿಯಂತಹ ಸೀಮೆಯಲ್ಲಿ ಸ್ಪಷ್ಟವಾಗುವುದು. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿಯು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಯದಾಯಿತು. ಶಾಲೆಯ ಭಾಷೆ ಕನ್ನಡ; ಅನೇಕ ಮನೆಗಳ ಮಾತು ತೆಲುಗು. ಪುಸ್ತಕದಲ್ಲಿ ‘ಮೊಣಕಾಲು’, ‘ನೋವು’ ಎಂದು ಓದುವ ಹುಡುಗನು ಮನೆಯಲ್ಲಿ ‘ಮೋಕಾಲು’, ‘ನೊಪ್ಪಿ’ ಎನ್ನುವನು. ಅಲ್ಲದೆ ಮೂಲದಲ್ಲಿ ‘ಕುಳಿತಿರುವುದು’ ಎಂದರೆ ಕುರ್ಚಿಯ ಮೇಲೆ ಕುಳಿತಿರುವುದೆಂಬ ಭಾವನೆಯೇ ಸಹಜ. ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದೂ ಕುಕ್ಕರುಗಾಲಿನಲ್ಲಿ ಕೂರುವುದೂ ಕುಳಿತಿರುವುದೇ. ಮಂಡಿಯನ್ನು ಪೂರ್ಣವಾಗಿ ಮಡಿಸಿದವನಿಗೂ ಅರ್ಧ ಮಡಿಸಿದವನಿಗೂ ನೋವಿಲ್ಲದ ನಿಮಿಷಗಳು ಒಂದೇ ಆಗಲಾರವು. ಖೋ-ಖೋ ಆಟದಲ್ಲಿ ಸಾಲಾಗಿ ಕುಕ್ಕರಿಸಿ, ಥಟ್ಟನೆದ್ದು ಓಡುವ ಹುಡುಗನಿಗೆ ಕುಳಿತಿರುವುದೇ ಆಟದ ಅಂಗ; ಕುಳಿತಿರುವ ಪ್ರಶ್ನೆಯೂ ಆಟದ ಪ್ರಶ್ನೆಯೂ ಅವನಲ್ಲಿ ಒಂದರೊಳಗೊಂದು ಬೆರೆತುಹೋಗುವುವು. ಕುಪ್ಪಳಿಸುವ ಪ್ರಶ್ನೆಗೆ ಮಾತ್ರ ವಿವರಣೆ ಬೇಡ, ಕುಂಟೆಬಿಲ್ಲೆಯನ್ನಾಡದ ಮಗುವಿಲ್ಲ.

ಆದುದರಿಂದ ಕನ್ನಡದ ಪಾಠದಲ್ಲಿ ಕೂರುವ ಭಂಗಿಯನ್ನು ಹೆಸರಿಸಿಯೇ ಕೇಳಬೇಕಾಗುವುದು; ಆ 30-40 ಮಂದಿಯಲ್ಲಿ ಮನೆಯಲ್ಲಿ ತೆಲುಗನ್ನಾಡುವವರೂ ಸೇರಿರಬೇಕಾಗುವುದು.