ಸಾರ್ವಭೌಮತ್ವಕ್ಕೆ ಎರಡು ಅಳತೆಗೋಲು: ಮೈಸೂರಿನ ಮೇಲಿನ ಹಸ್ತಕ್ಷೇಪ ಮತ್ತು ಅದರ ವ್ಯಾಖ್ಯಾನಗಳು

ಒಂದು ರಾಜ್ಯದ ಒಳಾಡಳಿತದಲ್ಲಿ ಹೊರಗಿನ ಶಕ್ತಿ ಕೈಹಾಕಬಾರದೆಂಬುದು ಸಾರ್ವಭೌಮತ್ವದ ಮೊದಲ ಅರ್ಥ. 1820ರಲ್ಲಿ ಸ್ಪೇನಿನ ಕ್ರಾಂತಿಯನ್ನು ಹತ್ತಿಕ್ಕಲು ಯೂರೋಪಿನ ಅರಸರು ಸೈನ್ಯ ಕಳಿಸುವ ಮಾತೆತ್ತಿದಾಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾಸಲ್‌ರೇ ಇದೇ ತತ್ವವನ್ನು ಮುಂದಿಟ್ಟು ವಿರೋಧಿಸಿದ. 1823ರಲ್ಲಿ ಫ್ರಾನ್ಸ್ ನಿಜಕ್ಕೂ ಸ್ಪೇನಿಗೆ ನುಗ್ಗಿದಾಗ ಅವನ ಉತ್ತರಾಧಿಕಾರಿ ಕ್ಯಾನಿಂಗ್ ಆಕ್ಷೇಪಿಸಿದ. ಈಸ್ಟ್ ಇಂಡಿಯಾ ಕಂಪನಿಯ ಮೇಲ್ವಿಚಾರಣೆಗಿದ್ದ ನಿಯಂತ್ರಣ ಮಂಡಳಿಗೆ ಇಬ್ಬರೂ ಹಿಂದೆ ಅಧ್ಯಕ್ಷರಾಗಿದ್ದವರು. ಆದರೆ ಮ್ಯಾಡ್ರಿಡ್‌ಗೆ ಸಲ್ಲುವ ನ್ಯಾಯ ಮೈಸೂರಿಗೂ ಸಲ್ಲಬೇಕಲ್ಲವೇ ಎಂಬ ಪ್ರಶ್ನೆ ಲಂಡನ್ನಿನ ಕಡತಗಳಲ್ಲಿ ಬಹುಕಾಲ ಏಳಲೇ ಇಲ್ಲ.

ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರ ಜುಲೈ 8ರಂದು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದ ಒಪ್ಪಂದವು ಸಹಾಯಕ ಸೈನ್ಯ ಪದ್ಧತಿಯ ಮಾದರಿ: ರಾಜ್ಯದ ರಕ್ಷಣೆ ಕಂಪನಿಯದು, ಅದರ ವೆಚ್ಚಕ್ಕೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿ ರಾಜನದು. ಸೂರ್ಯಚಂದ್ರರಿರುವವರೆಗೆ ಬಾಳಬೇಕೆಂದು ಬರೆಸಿಕೊಂಡ ಈ ಪತ್ರದ ನಾಲ್ಕನೆಯ ಕಲಮು, ಹಣ ಬಾರದೆಂಬ ಶಂಕೆ ಹುಟ್ಟಿದರೆ ಸಾಕು, ಗವರ್ನರ್ ಜನರಲ್ ಆಡಳಿತಕ್ಕೆ ಕೈಹಾಕಬಹುದೆನ್ನುತ್ತದೆ. ಶಂಕೆ ಸಕಾರಣವೇ ಎಂದು ತೀರ್ಮಾನಿಸುವವನೂ ಅವನೇ. ರಕ್ಷಣೆಯ ಅರ್ಥವೇನೆಂಬುದು ಹಾಸನ ಸೀಮೆಗೆ ಬೇಗನೆ ತಿಳಿಯಿತು. ಮಂಜರಾಬಾದಿನ ಕಾಡುಗಳಲ್ಲಿ ಪ್ರತಿಭಟಿಸುತ್ತಿದ್ದ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ಅಡಗಿಸಲು 1802ರ ಜನವರಿಯಲ್ಲಿ ಅರೆಕೆರೆಯ ಮೇಲೆ ದಂಡೆತ್ತಿ ಹೋದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ಗೆದ್ದ ಅದೇ ವೆಲ್ಲಿಂಗ್ಟನ್. ಸೆರೆಸಿಕ್ಕ ನಾಯಕನನ್ನು ಫೆಬ್ರವರಿಯಲ್ಲಿ ಗಲ್ಲಿಗೇರಿಸಲಾಯಿತು.

1831ರ ಪ್ರಕರಣ ಇನ್ನೂ ಸ್ಪಷ್ಟ. ನಗರ ಸೀಮೆಯ ರೈತರ ದಂಗೆಯನ್ನು ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ ಆ ಅಕ್ಟೋಬರಿನಲ್ಲಿ ಆಡಳಿತವನ್ನು ಕಿತ್ತುಕೊಂಡ. ದಂಗೆಯ ಕಾರಣಗಳನ್ನು ತನಿಖೆ ಮಾಡಲು ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇದ್ದ ಸಮಿತಿ ಆಮೇಲೆ ನೇಮಕವಾಗಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ಪೊಗದಿ ತಪ್ಪಿರಲಿಲ್ಲವಾದ್ದರಿಂದ ಒಪ್ಪಂದದ ಅಕ್ಷರಕ್ಕೆ ತನ್ನ ಕ್ರಮ ಹೊಂದುವುದೇ ಎಂದು ಬೆಂಟಿಂಕನೇ 1834ರಲ್ಲಿ ಅನುಮಾನಪಟ್ಟು, ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸಲು ಸೂಚಿಸಿದ. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಇಡೀ ಸಂಸ್ಥಾನ ಐವತ್ತು ವರ್ಷ ಕಮಿಷನರರ ಕೈಯಲ್ಲಿ ಉಳಿಯಿತು. ಅದೇ 1834ರಲ್ಲಿ ಕೊಡಗನ್ನು ನುಂಗಿದಾಗ ಕೊಟ್ಟ ಕಾರಣವೇ ಬೇರೆ: ಅಲ್ಲಿನ ಜನರೇ ಒಮ್ಮತದಿಂದ ಬಯಸಿದರಂತೆ!

ಈ ನಡವಳಿಕೆಗೆ ಸಿದ್ಧಾಂತದ ಉಡುಗೆ ಬಂದದ್ದು ತಡವಾಗಿ. ಕಂಪನಿಯ ಕಚೇರಿಯಲ್ಲಿ ದೇಶೀಯ ಸಂಸ್ಥಾನಗಳ ಪತ್ರವ್ಯವಹಾರವನ್ನು ಹಲವು ವರ್ಷ ನೋಡಿಕೊಂಡಿದ್ದ ಜಾನ್ ಸ್ಟುವರ್ಟ್ ಮಿಲ್, 1859ರ ತನ್ನ ಪ್ರಬಂಧದಲ್ಲಿ, ಹಸ್ತಕ್ಷೇಪ ಕೂಡದೆಂಬ ನಿಯಮವು ನಾಗರಿಕ ರಾಷ್ಟ್ರಗಳ ನಡುವಿನದು, ಉಳಿದವರಿಗೆ ಅನ್ವಯಿಸದು ಎಂದ. ಸ್ವಾತಂತ್ರ್ಯದ ತತ್ವಜ್ಞನೆಂದು ಹೆಸರಾದವನ ಲೇಖನಿಯಿಂದ ಬಂದ ಈ ಮಾತು ಇಬ್ಬಗೆ ಅಳತೆಯ ಅತ್ಯಂತ ಪ್ರಾಮಾಣಿಕ ನಿರೂಪಣೆ. 1864ರಲ್ಲಿ ವೈಸರಾಯ್ ಪರಿಷತ್ತಿನ ಕಾನೂನು ಸದಸ್ಯ ಹೆನ್ರಿ ಮೇನ್ ಕಾಠಿಯಾವಾಡದ ಕುರಿತ ಟಿಪ್ಪಣಿಯಲ್ಲಿ ಸಾರ್ವಭೌಮತ್ವ ಪಾಲಾಗಬಲ್ಲದು, ಸ್ವಾತಂತ್ರ್ಯ ಮಾತ್ರ ಪಾಲಾಗದು ಎಂದು ವಾದಿಸಿದ. ಅಂದರೆ ಅರಸ ಅರಸನಾಗಿಯೇ ಇರಬಹುದು, ಸ್ವತಂತ್ರನಾಗಿರಬೇಕಿಲ್ಲ. ಮರುವರ್ಷವೇ ಸೇನಾಧಿಕಾರಿ ಥಾಮಸ್ ಇವಾನ್ಸ್ ಬೆಲ್ ಮೈಸೂರಿನ ಮರಳಿಕೆ ಕುರಿತ ಪುಸ್ತಕದಲ್ಲಿ, ರಾಜ್ಯವನ್ನು ಅರಸನಿಗೆ ಹಿಂದಿರುಗಿಸದೆ ಸೇರಿಸಿಕೊಳ್ಳುವುದು ಒಪ್ಪಂದದ ದ್ರೋಹವೆಂದು ಬರೆದ. ಇಂಥ ವಾದಗಳ ಒತ್ತಡವೂ ಸೇರಿ 1867ರಲ್ಲಿ ಮುಮ್ಮಡಿ ಕೃಷ್ಣರಾಜರ ದತ್ತು ಮಾನ್ಯವಾಯಿತು, 1881ರ ಮಾರ್ಚ್ 25ರಂದು ರಾಜ್ಯ ಆ ದತ್ತುಪುತ್ರನಿಗೆ ಮರಳಿತು. ಆದರೆ ಮರಳಿಸಿದ ಪತ್ರದ ಷರತ್ತುಗಳ ಪ್ರಕಾರ ಅನುಮತಿಯಿಲ್ಲದೆ ಒಂದು ಹಳೆಯ ಕೋಟೆಯನ್ನು ದುರಸ್ತಿ ಮಾಡಿಸುವ ಅಧಿಕಾರವೂ ಮಹಾರಾಜರಿಗಿರಲಿಲ್ಲ.

ಮಣಿಪುರದ ದಂಗೆಯ ನಂತರ, 1891ರ ಗೆಜೆಟ್ ಪ್ರಕಟಣೆಯೊಂದು ಅಂತರರಾಷ್ಟ್ರೀಯ ಕಾನೂನಿಗೂ ಸಂಸ್ಥಾನಗಳ ಜೊತೆಗಿನ ಸಂಬಂಧಕ್ಕೂ ನಂಟಿಲ್ಲವೆಂದು ಘೋಷಿಸಿತು. ಬ್ರಿಟಿಷ್ ಅಧಿಕಾರಿ ವಿಲಿಯಂ ಲೀ ವಾರ್ನರ್ 1894ರ ಗ್ರಂಥದಲ್ಲಿ, ಯಾವುದೇ ಸಂಸ್ಥಾನದ ಒಪ್ಪಂದವನ್ನು ಒಂಟಿಯಾಗಿ ಓದದೆ ಎಲ್ಲವನ್ನೂ, ಬೆಳೆದುಬಂದ ರೂಢಿಯೊಂದಿಗೆ, ಕೂಡಿಸಿ ಓದಬೇಕೆಂದ. ಬ್ರಿಟಿಷರ ಪರಮಾಧಿಕಾರವೆಂಬ ಗಡಿಯಿಲ್ಲದ ಹಕ್ಕು ನಿಂತದ್ದು ಈ ಓದಿನ ಮೇಲೆ.

ಮೈಸೂರಿನ ಇತಿಹಾಸಕಾರರಲ್ಲಿ ಹಯವದನರಾಯರ ಮಹಾಗ್ರಂಥ 1799ಕ್ಕೇ ನಿಲ್ಲುತ್ತದೆ. 1936ರ ಶಾಮರಾಯರ ಕೃತಿ ಮುಂದಿನ ಕಾಲವನ್ನು ಹೆಚ್ಚಾಗಿ ಆಡಳಿತದ ಕಥೆಯಾಗಿ ಹೇಳುತ್ತದೆ. ಸಾರ್ವಭೌಮತ್ವವನ್ನೇ ಪ್ರಶ್ನೆಯಾಗಿ ಎತ್ತಿಕೊಂಡವರು ಈ ಶತಮಾನದವರು: ಮನು ಭಗವಾನ್ 2003ರಲ್ಲಿ ಬರೋಡಾ ಮತ್ತು ಮೈಸೂರಿನ ಶಿಕ್ಷಣನೀತಿಯ ಮೂಲಕ, ಜಾನಕಿ ನಾಯರ್ 2011ರಲ್ಲಿ ಮೈಸೂರಿನ ಆಧುನಿಕತೆಯ ಮೂಲಕ ಇದನ್ನು ನೋಡಿದರೆ, ಪ್ರಿಯಾಶಾ ಸಕ್ಸೇನಾ 2023ರಲ್ಲಿ ಅರಸರೂ ಅಧಿಕಾರಿಗಳೂ ಒಂದೇ ಕಾನೂನಿನ ಭಾಷೆಯನ್ನು ತಂತಮ್ಮ ಕಡೆಗೆ ಎಳೆದಾಡಿದ್ದನ್ನು ತೋರಿಸಿದರು.

ಈ ಎಳೆದಾಟ 1947ಕ್ಕೆ ಮುಗಿಯಲಿಲ್ಲ ಎಂಬುದು ಅಭ್ಯಾಸಿಗಳು ಇನ್ನಷ್ಟು ಗಮನಿಸಬೇಕಾದ ಸಂಗತಿ. 1948ರ ಸೆಪ್ಟೆಂಬರಿನಲ್ಲಿ, ಬೀದರ್, ಕಲಬುರ್ಗಿ, ರಾಯಚೂರು ಸೇರಿದ್ದ ಹೈದರಾಬಾದಿಗೆ ಭಾರತದ ಸೈನ್ಯ ಹೊಕ್ಕಾಗ, ರಜಾಕಾರರ ಹಾವಳಿಯಿಂದ ನೊಂದ ಜನ ಅದನ್ನು ವಿಮೋಚನೆಯೆಂದರು, ಸರ್ಕಾರ ಪೊಲೀಸ್ ಕಾರ್ಯಾಚರಣೆಯೆಂದಿತು, ನಿಜಾಮ ಭದ್ರತಾ ಮಂಡಳಿಗೆ ದೂರಿತ್ತಿದ್ದ. ಹೈದರಾಬಾದು ಅಂತರರಾಷ್ಟ್ರೀಯ ಅರ್ಥದಲ್ಲಿ ರಾಜ್ಯವೇ ಅಲ್ಲ, ಆದ್ದರಿಂದ ದೂರೇ ಸಲ್ಲದು ಎಂದು ಅಲ್ಲಿ ಭಾರತದ ಪರ ವಾದಿಸಿದವರು ಮೈಸೂರಿನ ಕೊನೆಯ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ವಾದ ನ್ಯಾಯದ ಪಕ್ಷದಲ್ಲಿತ್ತು. ಸಾಮಗ್ರಿ ಮಾತ್ರ 1891ರ ಗೆಜೆಟ್ಟಿನದು.

1996ರಲ್ಲಿ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಭಾರತ ಅಳೆಯುವವನ ಜಾಗದಲ್ಲೂ ಅಳೆಸಿಕೊಳ್ಳುವವನ ಜಾಗದಲ್ಲೂ ಏಕಕಾಲಕ್ಕೆ ನಿಂತಿತು. ಅಣುಪರೀಕ್ಷೆ ನಿಷೇಧ ಒಪ್ಪಂದ ಜಾರಿಯಾಗಲು 44 ದೇಶಗಳ ಅನುಮೋದನೆ ಬೇಕೆಂಬ ಕಲಮಿನಲ್ಲಿ ತನ್ನ ಇಚ್ಛೆಗೆ ವಿರುದ್ಧವಾಗಿ ತನ್ನ ಹೆಸರನ್ನೂ ಸೇರಿಸಿದ್ದು ಸಾರ್ವಭೌಮತ್ವದ ಉಲ್ಲಂಘನೆಯೆಂದು ಅದು ಪ್ರತಿಭಟಿಸಿತು. ಅದೇ ವರ್ಷ ವಿದೇಶಾಂಗ ಸಚಿವ ಗುಜ್ರಾಲ್ ನೆರೆಯವರ ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂಬ ಸೂತ್ರವನ್ನು ಮುಂದಿಟ್ಟರು, ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿಯಾಯಿತು. ಈ ಸೂತ್ರವನ್ನು ಕೇಳಿಸಿಕೊಂಡ ನೆರೆಯವರಲ್ಲಿ, 1989ರಲ್ಲಿ ಬಹುತೇಕ ಗಡಿದಾರಿಗಳು ಮುಚ್ಚಿಹೋಗಿದ್ದ ನೇಪಾಳವೂ, 1990ರ ಮಾರ್ಚ್‌ವರೆಗೆ ಭಾರತೀಯ ಶಾಂತಿಪಾಲನಾ ಪಡೆಯನ್ನು ಕಂಡಿದ್ದ ಶ್ರೀಲಂಕಾವೂ ಇದ್ದವು.